ಕಾಯಿಲೆಯನ್ನು ಮುಚ್ಚಿಡುವುದು ಸಹನೆಯೇ?

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ನಮ್ಮದೊಂದು ಹಳೆಯ ಮನೆ. ಬೇಸಿಗೆಯಲ್ಲಿ ಈ ಊರಿನ ಬಂಡೆಗುಡ್ಡಗಳು ಹಗಲೆಲ್ಲ ಕಾದು ರಾತ್ರಿಯಿಡೀ ಆ ಕಾವನ್ನು ಹೊರಬಿಡುತ್ತವೆ. ಫಜ್ರ್‌ನ ಹೊತ್ತಿಗೆ ಮಾತ್ರ ಒಂದಿಷ್ಟು ತಂಪು. 2022ರ ಮೇ ತಿಂಗಳ ಅಂಥದೊಂದು ನಸುಕಿನಲ್ಲಿ ವುಝೂ ಮಾಡಲೆಂದು ಕುಳಿತಿದ್ದೆ. ನೀರಿನ ಚೊಂಬು ಬಲಗೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳಲು ಹೋದರೆ ಬೆರಳುಗಳು ನನ್ನ ಮಾತು ಕೇಳಲಿಲ್ಲ. ಸೊಸೆಯನ್ನು ಕರೆದೆ. ಬಾಯಿಂದ ಹೊರಟದ್ದು ಅವಳ ಹೆಸರಾಗಿರಲಿಲ್ಲ, ಒಂದು ತೊದಲು ಶಬ್ದವಾಗಿತ್ತು. ಸುಮಾರು ಇಪ್ಪತ್ತು ನಿಮಿಷ ಹೀಗಿದ್ದು, ಆಟೋ ಆಸ್ಪತ್ರೆಯ ಬಾಗಿಲು ಮುಟ್ಟುವಷ್ಟರಲ್ಲಿ ಕೈಯೂ ಮಾತೂ ಮರಳಿ ಬಂದವು. ಅಲ್‌ಹಮ್ದುಲಿಲ್ಲಾಹ್.

ವೈದ್ಯರು ಹಳೆಯ ಚೀಟಿಗಳನ್ನು ತಿರುವಿ ನೋಡಿದರು. “ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ತಾನೇ?” ಎಂದು ಕೇಳಿದರು. ನಾನು ಸುಮ್ಮನಿದ್ದೆ. ಪಕ್ಕದಲ್ಲಿ ಮಗ, ಸೊಸೆ, ಗೋಡೆ ಹಿಡಿದು ನಿಂತಿದ್ದ ನಮ್ಮ ಮನೆಯವರು. ಕೊನೆಗೆ ಹೇಳಲೇಬೇಕಾಯಿತು. ಎರಡು ತಿಂಗಳಿಂದ ಆ ಮಾತ್ರೆಯನ್ನು ನಾನು ತರಿಸಿರಲೇ ಇಲ್ಲ.

ಕಾರಣ ದೊಡ್ಡದೇನಲ್ಲ. ಮಗಳ ನಿಕಾಹ್ ಈದುಲ್ ಫಿತ್ರ್ ಕಳೆದ ಕೂಡಲೇ ಎಂದು ನಿಶ್ಚಯವಾಗಿತ್ತು. ಆ ಮಾತ್ರೆಗೆ ತಿಂಗಳಿಗೆ ಸಾವಿರ ರೂಪಾಯಿಗೂ ಮೀರಿ ಬೀಳುತ್ತಿತ್ತು. ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟರೆ ಬಾಯಿ ಒಣಗುತ್ತದೆ, ಬಿ.ಪಿ. ಮಾತ್ರೆ ಬಿಟ್ಟರೆ ತಲೆ ಭಾರವಾಗುತ್ತದೆ, ಮನೆಯವರಿಗೆ ಗೊತ್ತಾಗಿಬಿಡುತ್ತದೆ. ಈ ಮಾತ್ರೆಯನ್ನು ನುಂಗಿದರೂ ಏನೂ ಅನಿಸದು, ಬಿಟ್ಟರೂ ಏನೂ ಅನಿಸದು. ಹಾಗಾಗಿ ಅದನ್ನೇ ಬಿಟ್ಟೆ. ಉಳಿದ ಹಣವನ್ನು ಅಕ್ಕಿಡಬ್ಬಿಯ ಅಡಿಯಲ್ಲಿಟ್ಟೆ. ಯಾರಿಗೂ ಹೇಳಲಿಲ್ಲ. ರಾತ್ರಿ ದುಆಕ್ಕೆ ಕೈಯೆತ್ತಿದಾಗ, “ಯಾ ಅಲ್ಲಾಹ್, ನನ್ನ ಈ ಸಬ್ರನ್ನು ಸ್ವೀಕರಿಸು” ಎಂದು ಬೇಡುತ್ತಿದ್ದೆ.

ಅದು ನಿಜವಾಗಿಯೂ ಸಬ್ರ್ ಆಗಿತ್ತೇ? ಈ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ನಮ್ಮ ಎಷ್ಟೋ ಮನೆಗಳ ತಾಯಂದಿರು, ಅಜ್ಜಂದಿರು ಇದೇ ಹಾದಿಯಲ್ಲಿರುವುದನ್ನು ನೋಡುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಯಿಲೆಯ ವಿಷಯ. ವೈದ್ಯರು ಇದನ್ನು ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ಹೃದಯಕ್ಕೆ ನಾಲ್ಕು ಕೋಣೆಗಳು. ಮೇಲಿನ ಎರಡು ಕೋಣೆಗಳು ಲಯಬದ್ಧವಾಗಿ ಸಂಕುಚಿಸಿ ರಕ್ತವನ್ನು ಕೆಳಗಿನ ಕೋಣೆಗಳಿಗೆ ದೂಡಬೇಕು. ಈ ಕಾಯಿಲೆಯಲ್ಲಿ ಅವು ಸಂಕುಚಿಸುವ ಬದಲು ಗಾಳಿಗೆ ಸಿಕ್ಕ ಎಲೆಯಂತೆ ಬರಿದೆ ಅದುರುತ್ತವೆ. ಅದರಿಂದ ನಾಡಿ ತಾಳ ತಪ್ಪುತ್ತದೆ. ಎರಡು ಬಡಿತ ಬೇಗ, ಒಂದು ತಡ, ಮತ್ತೊಂದು ಸಿಗುವುದೇ ಇಲ್ಲ. ಕೆಲವರಿಗೆ ಎದೆ ಡವಗುಟ್ಟುತ್ತದೆ, ಏದುಸಿರು ಬರುತ್ತದೆ, ಸುಸ್ತಾಗುತ್ತದೆ. ಬಹಳ ಮಂದಿಗೆ ಏನೂ ತಿಳಿಯುವುದಿಲ್ಲ. ಅದುರುವ ಕೋಣೆಯಲ್ಲಿ, ವಿಶೇಷವಾಗಿ ಎಡಮೇಲಿನ ಕೋಣೆಗೆ ಅಂಟಿಕೊಂಡಿರುವ ಸಣ್ಣ ಚೀಲದಂಥ ಜಾಗದಲ್ಲಿ, ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಒಡೆದು ಮೆದುಳಿಗೆ ಹೋದರೆ ಲಕ್ವಾ. ಈ ಕಾಯಿಲೆ ಇದ್ದವರಿಗೆ ಲಕ್ವಾ ಹೊಡೆಯುವ ಅಪಾಯ ಇಲ್ಲದವರಿಗಿಂತ ಸುಮಾರು ಐದು ಪಟ್ಟು ಹೆಚ್ಚೆಂದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ದಶಕಗಳ ಕಾಲ ನಡೆದ ಅಧ್ಯಯನ ತೋರಿಸಿಕೊಟ್ಟಿತು. ನನಗಾದದ್ದು ಅದರ ಮುನ್ಸೂಚನೆ. ಹೆಪ್ಪು ಬಂತು, ತಾನಾಗಿ ಕರಗಿತು.

ನಾಡಿಯ ತಾಳವನ್ನು ಗಮನಿಸುವ ವಿದ್ಯೆ ಹೊಸದಲ್ಲ. ಇಬ್ನ್ ಸೀನಾ ತನ್ನ ‘ಅಲ್ ಕಾನೂನ್’ ಗ್ರಂಥದಲ್ಲಿ ನಾಡಿಯ ಬಗೆಗಳನ್ನು ವಿಸ್ತಾರವಾಗಿ ಬರೆದಿದ್ದಾನೆ. ತಾಳತಪ್ಪಿದ ಈ ನಾಡಿಗೆ ಹೃದಯದ ಮೇಲಿನ ಕೋಣೆಗಳ ಅದುರುವಿಕೆಯೇ ಕಾರಣವೆಂದು ಲಂಡನ್ನಿನ ಥಾಮಸ್ ಲೂಯಿಸ್ ಎಂಬ ವೈದ್ಯ 1909ರಲ್ಲಿ ಇ.ಸಿ.ಜಿ. ಯಂತ್ರದ ಸಹಾಯದಿಂದ ತೋರಿಸಿದ. ಇಂದು ಯಾವ ತಾಲೂಕು ಆಸ್ಪತ್ರೆಯಲ್ಲೂ ಐದು ನಿಮಿಷದಲ್ಲಿ ಇ.ಸಿ.ಜಿ. ತೆಗೆಯಬಹುದು. ನಮ್ಮ ಕಂಟೋನ್ಮೆಂಟಿನಲ್ಲೇ 1961ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಕಾಲೇಜು ಇದೆ. ಮುಂದೆ ಅದಕ್ಕೆ ವಿಮ್ಸ್ ಎಂಬ ಹೆಸರು ಬಂದಿತ್ತು. ಸಿರುಗುಪ್ಪ, ಕುರುಗೋಡುಗಳಿಂದ ರೋಗಿಗಳು ಮುಂಜಾನೆಯ ಬಸ್ಸು ಹಿಡಿದು ಇಲ್ಲಿಗೆ ಬರುತ್ತಾರೆ. ನಾವಾದರೋ ಕಾಲ್ನಡಿಗೆಯ ದೂರದಲ್ಲಿದ್ದೂ ಎದೆಯನ್ನು ಮುಚ್ಚಿಕೊಂಡು ಕೂತಿರುತ್ತೇವೆ!

ಈಗ ಸಬ್ರ್‌ನ ಪ್ರಶ್ನೆಗೆ ಬರೋಣ. ಸಹನೆಯೆಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ನಾನು ತಿಳಿದಿದ್ದೆ. ಹಾಗಾದರೆ ಸಹನೆಗೆ ಮಾದರಿಯಾದ ಅಯ್ಯೂಬ್(ಅ) ತಮ್ಮ ಸಂಕಟವನ್ನು ಪ್ರಭುವಿನ ಮುಂದೆ ತೋಡಿಕೊಂಡದ್ದು ಹೇಗೆ? ಅದನ್ನು ಹೇಳಿದ ಮೇಲೂ ಅಲ್ಲಾಹನು ಅವರನ್ನು ಸಹನಶೀಲನೆಂದೇ ಹೊಗಳಿದನು. ಯಾಕೂಬ್(ಅ) ಮಗನಿಗಾಗಿ ಅತ್ತು ಕಣ್ಣು ಬೆಳ್ಳಗಾದವು. ಅವರ ಸಹನೆ ಅದರಿಂದ ಕುಂದಲಿಲ್ಲ. ಹಝ್ರತ್ ಆಯಿಶಾ(ರ) ಒಮ್ಮೆ ತಲೆನೋವಿನಿಂದ ನರಳಿದಾಗ ಪ್ರವಾದಿವರ್ಯರು(ಸ) ಆಕೆಯನ್ನು ಗದರಲಿಲ್ಲ, ತಮ್ಮ ತಲೆಯೂ ನೋಯುತ್ತಿದೆಯೆಂದು ಹೇಳಿದರು. ಬುಖಾರಿಯಲ್ಲಿ ಬಂದಿರುವ ಈ ಘಟನೆಯನ್ನು ಓದಿದಾಗಲೆಲ್ಲ ನನಗೆ ಸಮಾಧಾನವೆನಿಸುತ್ತದೆ. ಗಂಡಹೆಂಡಿರು ಪರಸ್ಪರ ನೋವು ಹೇಳಿಕೊಂಡ ಮನೆ ಅದು. ಅಲ್ಲಾಹನ ಬಗ್ಗೆ ದೂರುವುದು ಒಂದು, ಅಲ್ಲಾಹನ ದಾಸರಿಗೆ ನೋವಿನ ಸುದ್ದಿ ತಿಳಿಸುವುದು ಇನ್ನೊಂದು. ಮೊದಲನೆಯದರಿಂದ ದೂರವಿರಬೇಕೆಂದು ನಾನು ಎರಡನೆಯದನ್ನೂ ಬಿಟ್ಟಿದ್ದೆ.

ಸಅದ್ ಬಿನ್ ಅಬೀ ವಕ್ಕಾಸ್(ರ) ಅವರ ಕಾಯಿಲೆಯ ಎರಡು ಪ್ರಸಂಗಗಳು ಹದೀಸ್ ಗ್ರಂಥಗಳಲ್ಲಿವೆ. ಅಬೂದಾವೂದ್ ವರದಿ ಮಾಡಿರುವ ಒಂದರಲ್ಲಿ ಪ್ರವಾದಿವರ್ಯರು(ಸ) ಅವರನ್ನು ನೋಡಲು ಹೋಗಿ ಎದೆಯ ಮೇಲೆ ಕೈಯಿಟ್ಟರು. ಆ ಕೈಯ ತಂಪು ಸಅದ್‌ರ ಹೃದಯಕ್ಕೆ ಮುಟ್ಟಿತು. ಇವರಿಗೆ ಹೃದಯದ ಬಾಧೆಯಿದೆಯೆಂದು ಹೇಳಿದ ಪ್ರವಾದಿಯವರು, ಸಕೀಫ್ ಗೋತ್ರದ ಹಾರಿಸ್ ಬಿನ್ ಕಲದಃ ಎಂಬ ವೈದ್ಯನ ಬಳಿಗೆ ಹೋಗಲು ಸೂಚಿಸಿದರು. ಈ ಹಾರಿಸ್ ಇಸ್ಲಾಮ್ ಸ್ವೀಕರಿಸಿದ್ದನೆಂಬುದು ಖಚಿತವಲ್ಲವೆನ್ನುವ ವಿದ್ವಾಂಸರಿದ್ದಾರೆ. ಚಿಕಿತ್ಸೆಗೆ ವಿದ್ಯೆ ಬಲ್ಲವನ ಬಳಿ ಹೋಗಬೇಕು, ಅವನು ಯಾವ ಸಮುದಾಯದವನಾದರೂ ಸರಿ ಎಂಬುದಕ್ಕೆ ಅವರು ಇದನ್ನೇ ಆಧಾರವಾಗಿ ಕೊಡುತ್ತಾರೆ. ಯೋಚಿಸಿ. ಪ್ರವಾದಿಯ ಕೈ ಎದೆಯ ಮೇಲಿತ್ತು, ಪ್ರವಾದಿಯ ದುಆ ಇತ್ತು. ಆದರೂ ವೈದ್ಯನ ಹೆಸರು ಹೇಳಲಾಯಿತು. “ನನಗೆ ದುಆ ಸಾಕು, ಮಾತ್ರೆ ಬೇಡ” ಎನ್ನುವ ನಮ್ಮ ತವಕ್ಕುಲ್ ಸಅದ್‌ರದಕ್ಕಿಂತ ದೊಡ್ಡದೇ?

ಎರಡನೆಯ ಪ್ರಸಂಗ ನನ್ನನ್ನು ಹೆಚ್ಚು ಚುಚ್ಚುತ್ತದೆ. ವಿದಾಯದ ಹಜ್ಜ್‌ನ ವರ್ಷ ಮಕ್ಕಾದಲ್ಲಿ ಸಅದ್(ರ) ಸಾವಿನಂಚಿಗೆ ತಲಪುವಷ್ಟು ಕಾಯಿಲೆ ಬಿದ್ದರು. ಒಬ್ಬಳೇ ಮಗಳು. ಸಂಪತ್ತಿನ ಬಹುಪಾಲನ್ನು ದಾನ ಮಾಡಿಬಿಡುವೆನೆಂದರು. ಪ್ರವಾದಿವರ್ಯರು(ಸ) ಒಪ್ಪಲಿಲ್ಲ. ಅರ್ಧಕ್ಕೂ ಒಪ್ಪಲಿಲ್ಲ. ಮೂರನೆಯ ಒಂದು ಭಾಗ ಸಾಕು, ಅದೂ ಹೆಚ್ಚೇ ಎಂದರು. ವಾರಸುದಾರರನ್ನು ಇತರರ ಮುಂದೆ ಕೈಚಾಚುವಂತೆ ಬಿಟ್ಟುಹೋಗುವುದಕ್ಕಿಂತ ಅನುಕೂಲಸ್ಥರಾಗಿ ಬಿಟ್ಟುಹೋಗುವುದು ಲೇಸೆಂದು ತಿಳಿಸಿದರು. ಸಅದ್(ರ) ಆ ಕಾಯಿಲೆಯಿಂದ ಎದ್ದರು, ಕಾದಿಸಿಯ್ಯಾದ ಸೇನಾನಿಯಾದರು, ಇನ್ನೂ ದಶಕಗಳ ಕಾಲ ಬದುಕಿದರು. ತಾನು ಮುಗಿದೆನೆಂದು ತಿಳಿದು ಎಲ್ಲವನ್ನೂ ಕೊಟ್ಟುಬಿಡುವ ಉತ್ಸಾಹಕ್ಕೂ ಒಂದು ಮಿತಿಯನ್ನು ಹಾಕಲಾಯಿತು. ಒಳ್ಳೆಯ ಕೆಲಸಕ್ಕೇ ಹೀಗಾದರೆ ನನ್ನ ಅಕ್ಕಿಡಬ್ಬಿಯ ಹಣದ ಗತಿಯೇನು?

ಆ ಹಣ ಯಾವುದಕ್ಕೆ ಹೋಯಿತೆಂಬುದನ್ನೂ ಹೇಳಿಬಿಡುತ್ತೇನೆ, ನಾಚಿಕೆಯಾದರೂ. ನಿಕಾಹ್‌ಗೆ ಹೋಗಲಿಲ್ಲ. ನಿಕಾಹ್‌ಗೆ ಏನು ಖರ್ಚು? ಮಹ್ರ್ ಕೊಡಬೇಕಾದವನು ಹುಡುಗ, ವಲೀಮಾ ಉಣಿಸಬೇಕಾದವನೂ ಅವನೇ. ಹುಡುಗಿಯ ಕಡೆಯವರು ಊಟ ಹಾಕಬೇಕೆಂದು ಶರೀಅತ್ ಎಲ್ಲಿಯೂ ಕಡ್ಡಾಯ ಮಾಡಿಲ್ಲ. ಆದರೂ ಹಾಕುತ್ತೇವೆ. ಮುನ್ನೂರು ಮಂದಿ ಎಂದು ಹೊರಟದ್ದು ನಾನೂರೈವತ್ತಾಯಿತು. ಬಿರಿಯಾನಿಯ ಜೊತೆ ಒಂದು ಸಿಹಿ ಸಾಕಾಗಿತ್ತು, ನಾದಿನಿಯ ಮಗಳ ಮದುವೆಯಲ್ಲಿ ಎರಡಿತ್ತೆಂದು ಇಲ್ಲಿಯೂ ಎರಡಾಯಿತು. ನನ್ನ ಎರಡು ತಿಂಗಳ ಮಾತ್ರೆ ಆ ಎರಡನೆಯ ಸಿಹಿಗೂ ಸಾಲದಾಯಿತು. ತಿಂದವರಾರೂ ಅದನ್ನು ಈಗ ನೆನಪಿಟ್ಟಿಲ್ಲ.

ಇರುವುದೊಂದೇ ತುತ್ತು, ಅದನ್ನು ತಾಯಿ ತಾನು ತಿನ್ನದೆ ಮಗುವಿಗೆ ಕೊಟ್ಟರೆ ಅದನ್ನು ತಪ್ಪೆನ್ನುವ ಧೈರ್ಯ ನನಗಿಲ್ಲ. ಔಷಧ ಮತ್ತು ಅನ್ನದ ನಡುವೆ ಆಯ್ಕೆ ಮಾಡಬೇಕಾದ ಬಡವರು ನಮ್ಮ ಮೊಹಲ್ಲಾಗಳಲ್ಲಿದ್ದಾರೆ. ಅವರಿಗೆ ಉಪದೇಶ ಮಾಡುವುದಲ್ಲ, ಔಷಧ ತಂದುಕೊಡುವುದು ನಮ್ಮ ಕರ್ತವ್ಯ. ಝಕಾತ್ ಯಾರಿಗೆ ಸಲ್ಲಬೇಕೆಂದು ಕೇಳುವವರು ಇಂಥ ಮನೆಯ ಔಷಧದ ಚೀಟಿಯನ್ನೊಮ್ಮೆ ನೋಡಲಿ. ನನ್ನ ವಿಷಯ ಅದಾಗಿರಲಿಲ್ಲ. ನಾನು ಮಾನವನ್ನು ಕಾಪಾಡಿಕೊಳ್ಳಲು ಹೊರಟು ಅದಕ್ಕೆ ಮಮತೆಯ ಹೆಸರಿಟ್ಟಿದ್ದೆ.

ಹಾಗೆಂದು ಅದರಲ್ಲಿ ಮಮತೆ ಇರಲಿಲ್ಲವೆಂದೂ ಅಲ್ಲ. ಇಲ್ಲೇ ಪ್ರಶ್ನೆ ಬಿಗಿಯಾಗುವುದು. ತ್ಯಾಗ ಮಾಡುವವನು ತನ್ನದನ್ನು ಕೊಡಬೇಕು. ನನ್ನ ದೇಹ ನನ್ನದೇ? ಅದು ಅಲ್ಲಾಹನ ಅಮಾನತ್ತು. ಅತಿಯಾಗಿ ಆರಾಧನೆ ಮಾಡುತ್ತಿದ್ದ ಅಬುದ್ದರ್ದಾ(ರ)ರಿಗೆ ಸಲ್ಮಾನ್ ಫಾರಿಸಿ(ರ) ನೆನಪಿಸಿದ್ದು ಇದನ್ನೇ: ಪ್ರಭುವಿಗೆ, ಸ್ವಂತ ಶರೀರಕ್ಕೆ, ಮನೆಯವರಿಗೆ ತಮ್ಮ ತಮ್ಮ ಹಕ್ಕಿದೆ. ಪ್ರವಾದಿವರ್ಯರು(ಸ) ಆ ಮಾತನ್ನು ಸರಿಯೆಂದರು. ಶರೀರ ಮತ್ತು ಮನೆಯವರು, ಎರಡೂ ಒಟ್ಟಿಗೆ ಬಂದಿರುವುದನ್ನು ಗಮನಿಸಬೇಕು. ಆ ಹೆಪ್ಪು ಇಪ್ಪತ್ತು ನಿಮಿಷದಲ್ಲಿ ಕರಗದೇ ಹೋಗಿದ್ದರೆ ನನ್ನನ್ನು ಎತ್ತಿ ಕೂರಿಸುವವರು ಯಾರು? ಸಕ್ಕರೆ ಕಾಯಿಲೆಯಿಂದ ಕಾಲಿನ ಎರಡು ಬೆರಳು ಕಳೆದುಕೊಂಡ ನಮ್ಮ ಮನೆಯವರ ಗಾಯಕ್ಕೆ ದಿನವೂ ಪಟ್ಟಿ ಕಟ್ಟುವವಳು ನಾನು. ಅವರಿಗೆ ಯಾರು? ಎರಡು ಮಕ್ಕಳ ತಾಯಿ ನನ್ನ ಸೊಸೆ ತಾನೆ? ಯಾರದೋ ಸಾಲಕ್ಕೆ ಇನ್ನೊಬ್ಬರನ್ನು ಅವರಿಗೆ ತಿಳಿಸದೆಯೇ ಜಾಮೀನು ಹಾಕಿದಂತೆ, ನಾನು ಮಾಡಿದ ತ್ಯಾಗಕ್ಕೆ ಅವಳನ್ನು ಜಾಮೀನು ಹಾಕಿದ್ದೆ. ಸುದ್ದಿ ತಿಳಿದು ಗಂಡನ ಮನೆಯಿಂದ ಓಡಿ ಬಂದ ಮಗಳು ಅಳಲಿಲ್ಲ. “ಅಮ್ಮಿ, ಮದುವೆಯ ಖರ್ಚಿನ ಲೆಕ್ಕದಲ್ಲಿ ನಿಮ್ಮ ಲಕ್ವಾನೂ ಬರೆದಿದ್ದಿರಾ?” ಎಂದು ಕೇಳಿದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಉಪವಾಸದ ಬಗ್ಗೆಯೂ ಒಂದು ಮಾತು. ಆ ವರ್ಷದ ರಮಝಾನ್ ಬಹುತೇಕ ಏಪ್ರಿಲ್‌ನ ಬಿಸಿಲಿನಲ್ಲಿ ಬಂದಿತ್ತು. ಬೇಡವೆಂದಿದ್ದರೂ ನಾನು ಒಂದೂ ಬಿಡದೆ ಉಪವಾಸ ಹಿಡಿದಿದ್ದೆ. ಕಾಯಿಲೆಯವರಿಗೆ ರಿಯಾಯಿತಿ ಕೊಟ್ಟಿರುವುದು ಕುರ್‌ಆನ್. ಗುಣವಾಗುವ ಕಾಯಿಲೆಯಾದರೆ ಬೇರೆ ದಿನಗಳಲ್ಲಿ ಪೂರ್ತಿ ಮಾಡಬೇಕು, ಗುಣವಾಗುವ ನಿರೀಕ್ಷೆಯಿಲ್ಲದಿದ್ದರೆ ಒಂದೊಂದು ದಿನಕ್ಕೆ ಒಬ್ಬ ಬಡವನಿಗೆ ಉಣಿಸಬೇಕು. ಕೊಟ್ಟ ರಿಯಾಯಿತಿಯನ್ನು ದಾಸನು ಬಳಸಿಕೊಳ್ಳುವುದು ಅಲ್ಲಾಹನಿಗೆ ಪ್ರಿಯವೆಂದು ಹದೀಸ್ ಇದೆ. ಹೃದಯದ ಕಾಯಿಲೆಯಿರುವ ಎಲ್ಲರೂ ಉಪವಾಸ ಬಿಡಬೇಕೆಂದಲ್ಲ. ದಿನಕ್ಕೆ ಒಂದೋ ಎರಡೋ ಬಾರಿ ನುಂಗುವ ಮಾತ್ರೆಗಳನ್ನು ಸಹ್ರಿ ಮತ್ತು ಇಫ್ತಾರಿನ ಹೊತ್ತಿಗೆ ಹೊಂದಿಸಿಕೊಂಡು ಉಪವಾಸ ಹಿಡಿಯುವವರಿದ್ದಾರೆ. ಅದನ್ನು ಶಅಬಾನ್‌ನಲ್ಲೇ ವೈದ್ಯರಲ್ಲಿ ಕೇಳಿ ತಿಳಿಯಬೇಕು. ತಲೆಗೆ ಗಾಯವಾಗಿದ್ದವನೊಬ್ಬನಿಗೆ ಸ್ನಾನ ಕಡ್ಡಾಯವೆಂದು ಸಂಗಾತಿಗಳು ಹೇಳಿ, ಅವನು ಸ್ನಾನ ಮಾಡಿ ಸತ್ತುಹೋದಾಗ ಪ್ರವಾದಿವರ್ಯರು(ಸ) ಅವರ ಮೇಲೆ ಎಷ್ಟು ಕೋಪಗೊಂಡರೆಂಬುದನ್ನು ನಾವು ಓದಿದ್ದೇವೆ. ತಿಳಿಯದ್ದನ್ನು ಕೇಳಬೇಕಿತ್ತೆಂಬುದು ಅವರ ಆಕ್ಷೇಪವಾಗಿತ್ತು. ಕಾಯಿಲೆಯವರ ಮುಂದೆ ಕುಳಿತು ಫತ್ವಾ ಕೊಡುವ ನೆರೆಹೊರೆಯವರು ಇದನ್ನು ಸ್ವಲ್ಪ ನೆನಪಿಟ್ಟುಕೊಂಡರೆ ಒಳ್ಳೆಯದು.

ನೆರೆಯವರೆಂದ ಕೂಡಲೇ ಇನ್ನೊಂದು ನೆನಪಾಯಿತು. “ಅದು ಇಲಿ ಪಾಷಾಣ ಆಪಾ, ತಿನ್ನಬೇಡಿ” ಎಂದು ಒಬ್ಬರು ಹೆದರಿಸಿದ್ದರು. ಹಳೆಯ ಮಾತ್ರೆಯಾದ ವಾರ್ಫರಿನ್ ವಿಷಯದಲ್ಲಿ ಇದು ಪೂರ್ತಿ ಸುಳ್ಳಲ್ಲ. ಅಮೆರಿಕದಲ್ಲಿ ಕೆಟ್ಟುಹೋದ ಮೇವು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದುದರ ಕಾರಣ ಹುಡುಕುತ್ತಾ ಹೋಗಿ ಸಿಕ್ಕ ವಸ್ತುವಿನಿಂದಲೇ ಅದು ಹುಟ್ಟಿತು. 1948ರಲ್ಲಿ ಇಲಿ ಕೊಲ್ಲಲು ಮಾರಾಟಕ್ಕೆ ಬಂತು, 1954ರಲ್ಲಿ ಮನುಷ್ಯರ ಔಷಧವಾಯಿತು. ಪ್ರಮಾಣ ಮೀರಿದರೆ ವಿಷ, ಅಳತೆಯಲ್ಲಿದ್ದರೆ ಔಷಧ. ಆ ಅಳತೆಗಾಗಿಯೇ ಆಗಾಗ ಐ.ಎನ್.ಆರ್. ಎಂಬ ರಕ್ತ ಪರೀಕ್ಷೆ. ಸಾಮಾನ್ಯವಾಗಿ ಅದು 2ರಿಂದ 3ರೊಳಗೆ ಇರಬೇಕೆನ್ನುತ್ತಾರೆ. ಅದನ್ನಾಗಲಿ, ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಅದರ ಬಳಗದ ಅಸಿಟ್ರೋಮ್ ಮಾತ್ರೆಯನ್ನಾಗಲಿ ನುಂಗುವವರು ಪಾಲಕ್, ಮೆಂತ್ಯದಂಥ ಸೊಪ್ಪನ್ನು ಒಂದು ವಾರ ಗುಡ್ಡೆಯಾಗಿ ತಿಂದು ಮುಂದಿನ ವಾರ ಮುಟ್ಟದೇ ಇರಬಾರದು, ಎಂದಿನ ಪ್ರಮಾಣದಲ್ಲೇ ತಿನ್ನುತ್ತಿರಬೇಕು. ಹೊಸ ಮಾತ್ರೆಗಳಿಗೆ ಆ ಪರೀಕ್ಷೆಯ ಗೋಜಿಲ್ಲ. ಪೇಟೆಂಟ್ ಮುಗಿದ ಮೇಲೆ ಅವುಗಳ ಬೆಲೆಯೂ ಇಳಿದಿದೆ, ಜನೌಷಧಿ ಅಂಗಡಿಗಳಲ್ಲಿ ವಿಚಾರಿಸಬಹುದು. ಆದರೆ ಎಲ್ಲರಿಗೂ ಅವು ಸಲ್ಲವು. ಚಿಕ್ಕಂದಿನ ಗಂಟಲುನೋವು, ಕೀಲುಜ್ವರದಿಂದ ಹೃದಯದ ಕವಾಟ ಕೆಟ್ಟು ಈ ಕಾಯಿಲೆ ಬಂದವರು ನಮ್ಮ ಬಡ ಕುಟುಂಬಗಳಲ್ಲಿ, ಅದರಲ್ಲೂ ಹೆಂಗಸರಲ್ಲಿ ಬಹಳ. ಅಂಥವರಿಗೆ ಹಳೆಯ ಮಾತ್ರೆಯೇ ಮೇಲೆಂದು 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಅಂತರರಾಷ್ಟ್ರೀಯ ಪ್ರಯೋಗ ತೋರಿಸಿದೆ. ಆದ್ದರಿಂದ ಪಕ್ಕದ ಮನೆಯವರ ಚೀಟಿ ನೋಡಿ ಮಾತ್ರೆ ಬದಲಿಸಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊಣಕಾಲು ನೋವಿಗೆಂದು ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವುದೂ ಅಪಾಯ, ಹೊಟ್ಟೆಯೊಳಗೆ ರಕ್ತಸ್ರಾವವಾಗಬಹುದು. ಮುಖ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು, ಇವುಗಳಲ್ಲಿ ಒಂದು ಕಂಡರೂ ಎಣ್ಣೆ ತಿಕ್ಕುತ್ತಾ ಕೂರದೆ ಆಸ್ಪತ್ರೆಗೆ ಓಡಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಕೊಡಬಹುದಾದವರಿಗೂ ಅದು ನಾಲ್ಕೂವರೆ ಗಂಟೆಗಳೊಳಗೆ ಸಿಗಬೇಕು.

ಇಷ್ಟು ಹೇಳಿ ನಾನು ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾದೀತು. ಆಸ್ಪತ್ರೆಯಿಂದ ಬಂದ ಮೇಲೆ ನಾನು ಇನ್ನೊಂದು ತುದಿಗೆ ಹೋದೆ. ದಿನಕ್ಕೆ ಇಪ್ಪತ್ತು ಬಾರಿ ನಾಡಿ ಹಿಡಿದು ನೋಡುವುದು. ಮಕ್ಕಳು ಗಲಾಟೆ ಮಾಡಿದರೆ ಎದೆಗೆ ಕೈ ಹಚ್ಚುವುದು. ಮಗ ಸ್ವಲ್ಪ ದನಿಯೇರಿಸಿದರೆ, “ನನ್ನನ್ನು ಕೊಲ್ಲಬೇಕೆಂದಿದ್ದೀಯಾ?” ಎನ್ನುವುದು. ಕೋಪ, ದುಃಖ, ನಿದ್ರೆಗೇಡು ಕೆಲವರಲ್ಲಿ ಈ ತಾಳತಪ್ಪುವಿಕೆಯನ್ನು ಕೆರಳಿಸುತ್ತವೆಂದು ವೈದ್ಯರು ಹೇಳಿದ್ದು ನಿಜ. ಆದರೆ ಆ ಮಾತನ್ನು ನಾನು ಮನೆಯವರ ಬಾಯಿಗೆ ಬೀಗ ಹಾಕಲು ಬಳಸಿದೆ. ಕಾಯಿಲೆ ಮನೆಯ ಯಜಮಾನನಾಯಿತು.

ಅದರ ಫಲ ಆರು ತಿಂಗಳಲ್ಲಿ ಕಾಣಿಸಿತು. ಮಗ ಜೀನ್ಸ್ ಹೊಲಿಗೆಯ ಒಂದು ಶೆಡ್ ನಡೆಸುತ್ತಾನೆ, ಎಂಟು ಮಿಷಿನ್‌ಗಳು. 2020ರ ಲಾಕ್‌ಡೌನ್‌ನಲ್ಲಿ ನಿಂತ ಕೆಲಸ ಮತ್ತೆ ಎದ್ದಿರಲಿಲ್ಲ. ಕಾರಿಗರರ ಕೂಲಿಗೆಂದು ಬಡ್ಡಿಗೆ ಸಾಲ ಮಾಡಿದ್ದ. ಬಡ್ಡಿ ಹರಾಮ್ ಎಂದು ಇದೇ ಮನೆಯಲ್ಲಿ ಕಲಿತವನು. ಸಾಲ ಕೊಟ್ಟವನು ಬಾಗಿಲಿಗೆ ಬಂದ ದಿನ ವಿಷಯ ಹೊರಬಿತ್ತು. “ಯಾಕೋ ಹೇಳಲಿಲ್ಲ?” ಎಂದು ಕೇಳಿದೆ. ಅವನು ನೆಲ ನೋಡುತ್ತಾ, “ನಿಮ್ಮ ಹಾರ್ಟಿಗೆ ಏನಾದರೂ ಆದರೆ ಅಂತ, ಅಮ್ಮಿ” ಎಂದ.

ನಾನು ಮಾತ್ರೆ ಮುಚ್ಚಿಟ್ಟದ್ದು ಅವರಿಗೆ ನೋವಾಗದಿರಲೆಂದು. ಅವನು ಸಾಲ ಮುಚ್ಚಿಟ್ಟದ್ದು ನನಗೆ ನೋವಾಗದಿರಲೆಂದು. ನಾನು ಅವನನ್ನು ಬೈಯುವುದು ಯಾವ ಬಾಯಿಂದ? ಮೊದಲೇ ಹೇಳಿದ್ದರೆ ನನ್ನ ಎರಡು ಬಳೆಗಳಿದ್ದವು, ಅವನು ಬಡ್ಡಿಯ ಬಾಗಿಲಿಗೆ ಹೋಗಬೇಕಾಗಿರಲಿಲ್ಲ. ಪ್ರೀತಿಯ ಹೆಸರಿನಲ್ಲಿ ಆಡುವ ಸುಳ್ಳಿಗೆ ಮನೆಯಲ್ಲಿ ಒಮ್ಮೆ ಜಾಗ ಕೊಟ್ಟರೆ ಅದು ಒಬ್ಬರ ಬಳಿ ನಿಲ್ಲುವುದಿಲ್ಲ. ಸತ್ಯವಿಶ್ವಾಸಿಗಳು ತಮ್ಮ ವ್ಯವಹಾರಗಳನ್ನು ಪರಸ್ಪರ ಸಮಾಲೋಚನೆಯಿಂದ ನಡೆಸುವವರೆಂದು ಕುರ್‌ಆನ್ ವರ್ಣಿಸಿದೆ. ಅದನ್ನು ನಾವು ಜಮಾಅತ್ ಕಮಿಟಿಗೂ ರಾಜ್ಯಾಡಳಿತಕ್ಕೂ ಬಿಟ್ಟುಕೊಟ್ಟು, ಒಂದೇ ಸುಫ್ರಾದ ಸುತ್ತ ಕೂತು ಉಣ್ಣುವ ಐದು ಜನ ಪರಸ್ಪರ ಏನನ್ನೂ ಹೇಳಿಕೊಳ್ಳುವುದಿಲ್ಲ.

ಬಳೆ ಮಾರಿದೆವು. ಸಾಲದ ಅಸಲು ತೀರಿತು, ಮೂರು ಮಿಷಿನ್‌ಗಳೂ ಹೋದವು. ಆ ದಿನ ನನ್ನ ಎದೆ ಖಂಡಿತ ತಾಳ ತಪ್ಪಿತು, ಸುಳ್ಳು ಹೇಳಲಾರೆ. ಸೊಸೆ ನಾಡಿ ಹಿಡಿದು ಗಡಿಯಾರ ನೋಡುತ್ತಾ ಒಂದು ಪೂರ್ತಿ ನಿಮಿಷ ಎಣಿಸಿದಳು. ಸಂಜೆಯೊಳಗೆ ಇಳಿಯಿತು.

ಸಿರಿಯಾದ ಕಡೆಗೆ ಹೊರಟಿದ್ದ ಉಮರ್(ರ) ಅಲ್ಲಿ ಪ್ಲೇಗ್ ಹಬ್ಬಿದೆಯೆಂದು ತಿಳಿದು ಹಿಂದಿರುಗಿದಾಗ, ಅಲ್ಲಾಹನ ವಿಧಿಯಿಂದ ಓಡುತ್ತೀರಾ ಎಂದು ಅಬೂಉಬೈದಾ(ರ) ಕೇಳಿದ್ದರು. ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆಂಬ ಅರ್ಥದಲ್ಲಿ ಉಮರ್(ರ) ಉತ್ತರಿಸಿದರು. ನನ್ನ ಕಾಯಿಲೆ ಹೋಗುವಂಥದ್ದಲ್ಲ. ಸಕ್ಕರೆ, ಬಿ.ಪಿ. ಹೋಗವು, ಮನೆಯವರ ಕಾಲಿನ ಬೆರಳು ಮರಳಿ ಬಾರದು, ಹೊಲಿಗೆಯ ಆರ್ಡರ್ ಈ ತಿಂಗಳು ಇದ್ದರೆ ಮುಂದಿನ ತಿಂಗಳಿಲ್ಲ. ಇವೆಲ್ಲದರೊಂದಿಗೆ ಇರುವುದೂ ಒಂದು ವಿಧಿ, ಮಾತ್ರೆಯೂ ಒಂದು ವಿಧಿ.

ಈಗ ಮನೆಯಲ್ಲಿ ಒಂದು ಪದ್ಧತಿಯಿದೆ. ಜುಮಾ ರಾತ್ರಿ ಇಶಾದ ಬಳಿಕ ಎಲ್ಲರೂ ಸುಫ್ರಾ ಎತ್ತದೆ ಸ್ವಲ್ಪ ಹೊತ್ತು ಕೂರುತ್ತೇವೆ. ಮಗ ವಾರದ ಲೆಕ್ಕ ಹೇಳುತ್ತಾನೆ, ನಾನು ನನ್ನ ಮಾತ್ರೆಯ ಪಟ್ಟಿಯನ್ನು ಮುಂದಿಡುತ್ತೇನೆ. ಏಳು ವರ್ಷದ ಮೊಮ್ಮಗ ಖಾಲಿಯಾದ ಗುಳ್ಳೆಗಳನ್ನು ಬೆರಳಿಟ್ಟು ಎಣಿಸುತ್ತಾನೆ. ಕಳೆದ ವಾರ ಒಂದು ಹೆಚ್ಚು ಉಳಿದಿತ್ತು. “ದಾದಿ, ಮಂಗಳವಾರದ್ದು?” ಎಂದು ಕೇಳಿದ. ಮರೆತೆನೆಂದು ಒಪ್ಪಿಕೊಂಡೆ.